ಎಂಜಿನ್ ನಿಯಂತ್ರಣ ಘಟಕದ ಬದಲಾವಣೆ

ಎಂಜಿನ್ ನಿಯಂತ್ರಣ ಘಟಕದ ಬದಲಾವಣೆ ಎಂದರೆ ಕಾರಿನ ಎಂಜಿನ್ನನ್ನು ನಿಯಂತ್ರಿಸುವ ಗಣಕವು ಕೆಟ್ಟಾಗ ಅದನ್ನು ಕಳಚಿ, ಅದೇ ವಾಹನಕ್ಕೆ ಒಪ್ಪುವ ಮತ್ತೊಂದನ್ನು ಅಳವಡಿಸಿ, ಉಳಿದ ವ್ಯವಸ್ಥೆಗಳೊಂದಿಗೆ ಅದನ್ನು ಹೊಂದಿಸುವ ಕಾರ್ಯ. ಈ ಗಣಕವನ್ನು ಸಂಕ್ಷಿಪ್ತವಾಗಿ ಇಸಿಯು ಅಥವಾ ಇಸಿಎಂ ಎಂದು ಕರೆಯುತ್ತಾರೆ. ಬ್ಯಾಟರಿಯನ್ನೋ ದೀಪವನ್ನೋ ಬದಲಿಸಿದಂತೆ ಇದು ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದೊಡನೆ ಮುಗಿಯುವ ಕೆಲಸವಲ್ಲ. ಹೊಸ ಘಟಕದಲ್ಲಿ ಆ ಮಾದರಿಗೆ ತಕ್ಕ ತಂತ್ರಾಂಶವಿರಬೇಕು ಮತ್ತು ಅದು ವಾಹನದ ಕೀಲಿಯನ್ನು ಗುರುತಿಸಬೇಕು.

ಇಸಿಯು ಸಾಮಾನ್ಯವಾಗಿ ದೀರ್ಘಕಾಲ ಬಾಳುವ ಭಾಗ. ಅದು ಕೆಟ್ಟಿದೆಯೆಂದು ಭಾವಿಸಿದ ಅನೇಕ ಸಂದರ್ಭಗಳಲ್ಲಿ ನಿಜವಾದ ದೋಷವು ಬ್ಯಾಟರಿ, ಫ್ಯೂಸ್, ರಿಲೇ, ಅರ್ತ್ ಸಂಪರ್ಕ, ವೈರಿಂಗ್ ಅಥವಾ ಯಾವುದಾದರೊಂದು ಸಂವೇದಕದಲ್ಲಿರುತ್ತದೆ. ಇಸಿಯು ದುಬಾರಿಯಾದ ಭಾಗ. ಹಳೆಯ ಕಾರುಗಳ ವಿಷಯದಲ್ಲಿ ಅದರ ಬೆಲೆ ವಾಹನವನ್ನು ಉಳಿಸಿಕೊಳ್ಳಬೇಕೇ ಗುಜರಿಗೆ ಹಾಕಬೇಕೇ ಎಂಬ ಪ್ರಶ್ನೆಯನ್ನೇ ಎಬ್ಬಿಸಬಲ್ಲದು. ಆದ್ದರಿಂದ ಬದಲಾವಣೆಗೆ ಮೊದಲು ನಡೆಯುವ ತಪಾಸಣೆಯೇ ಈ ಕಾರ್ಯದ ಮುಖ್ಯ ಹಂತವೆನಿಸಿದೆ.

## ಹಿನ್ನೆಲೆ

ಆರಂಭದ ಕಾರುಗಳಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕೆಲಸವನ್ನು ಕಾರ್ಬ್ಯುರೇಟರ್ ಎಂಬ ಯಾಂತ್ರಿಕ ಸಾಧನವೂ, ಕಿಡಿಯ ಸಮಯವನ್ನು ನಿರ್ಧರಿಸುವ ಕೆಲಸವನ್ನು ಡಿಸ್ಟ್ರಿಬ್ಯೂಟರೂ ಮಾಡುತ್ತಿದ್ದವು. ಜರ್ಮನಿಯ ಬಾಷ್ ಸಂಸ್ಥೆಯು 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಇಂಧನ ಸಿಂಪಡಣಾ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. 1979ರಲ್ಲಿ ಅದೇ ಸಂಸ್ಥೆಯ ಮೋಟ್ರಾನಿಕ್ ವ್ಯವಸ್ಥೆಯು ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಡಿಜಿಟಲ್ ಗಣಕದ ಅಧೀನಕ್ಕೆ ತಂದಿತು. ಇಂದಿನ ಇಸಿಯುಗಳ ಮೂಲ ಕಲ್ಪನೆ ಇದೇ ಆಗಿದೆ.

ಭಾರತದಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮತ್ತು 1983ರಲ್ಲಿ ಬಂದ ಮಾರುತಿ 800 ಕಾರುಗಳು ದೀರ್ಘಕಾಲ ಕಾರ್ಬ್ಯುರೇಟರ್‌ನಿಂದಲೇ ಓಡಿದವು. ಹೊಗೆಯನ್ನು ಮಿತಿಗೊಳಿಸುವ ನಿಯಮಗಳು ಬಿಗಿಯಾದಂತೆ ಈ ಸ್ಥಿತಿ ಬದಲಾಯಿತು. 2000ದ ಸುಮಾರಿನಲ್ಲಿ ಅನೇಕ ಕಾರುಗಳ ಹಿಂಬದಿಯಲ್ಲಿ ಕಾಣಿಸಿಕೊಂಡ 'ಎಂಪಿಎಫ್‌ಐ' ಎಂಬ ಅಕ್ಷರಗಳು ಆ ಕಾರಿನಲ್ಲಿ ಇಂಧನವನ್ನು ಗಣಕವು ಅಳೆದು ಸಿಂಪಡಿಸುತ್ತದೆ ಎಂಬುದರ ಸೂಚನೆಯಾಗಿದ್ದವು. ಬೆಂಗಳೂರಿಗೆ ಭಾರತ್ ಸ್ಟೇಜ್ 3 ನಿಯಮವು 2005ರಲ್ಲಿ, ಭಾರತ್ ಸ್ಟೇಜ್ 4 ನಿಯಮವು 2010ರಲ್ಲಿ ಅನ್ವಯವಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ದೇಶಾದ್ಯಂತ ಜಾರಿಯಲ್ಲಿದೆ. ಪ್ರತಿ ಹಂತದಲ್ಲೂ ಸಂವೇದಕಗಳ ಸಂಖ್ಯೆಯೂ ಇಸಿಯುವಿನ ಹೊಣೆಯೂ ಹೆಚ್ಚಿದವು.

ಈ ತಂತ್ರಜ್ಞಾನದೊಂದಿಗೆ ಬೆಂಗಳೂರಿಗೆ ಹಳೆಯ ನಂಟಿದೆ. ಬಾಷ್‌ನ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು, ಅಂದರೆ ಜನಬಳಕೆಯ 'ಮೈಕೋ', ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಎಂಜಿನ್ನುಗಳ ಇಂಧನ ಪಂಪು ಮೊದಲಾದವನ್ನು ತಯಾರಿಸುತ್ತಿತ್ತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂಬ ಹೆಸರು ಪಡೆಯಿತು. ವಾಹನಗಳ ತಂತ್ರಾಂಶ ರಚನೆ ಇಂದು ನಗರದ ಮುಖ್ಯ ಉದ್ಯಮಗಳಲ್ಲಿ ಒಂದು.

## ರಚನೆ ಮತ್ತು ಕಾರ್ಯ

ಇಸಿಯು ನೋಡಲು ಲೋಹದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಪೆಟ್ಟಿಗೆಯಂತಿರುತ್ತದೆ. ಒಳಗಿನ ಮಂಡಲ ಫಲಕದಲ್ಲಿ ನಾಲ್ಕು ಮುಖ್ಯ ಭಾಗಗಳಿವೆ.

* ವಿದ್ಯುತ್ ಪೂರೈಕೆ ಭಾಗ: ಬ್ಯಾಟರಿಯ 12 ವೋಲ್ಟನ್ನು ತಗ್ಗಿಸಿ, ಸಂವೇದಕಗಳಿಗೆ ಬೇಕಾದ ಸ್ಥಿರವಾದ 5 ವೋಲ್ಟನ್ನು ಒದಗಿಸುತ್ತದೆ.
* ಸಂಸ್ಕಾರಕ: ಸಂವೇದಕಗಳಿಂದ ಬಂದ ಮಾಹಿತಿಯನ್ನು ಓದಿ ಲೆಕ್ಕ ಹಾಕುತ್ತದೆ.
* ಸ್ಮೃತಿ: ಒಂದು ಭಾಗದಲ್ಲಿ ತಂತ್ರಾಂಶವೂ ಇಂಧನ ಮತ್ತು ಕಿಡಿಗಳ ಕೋಷ್ಟಕಗಳೂ ಇರುತ್ತವೆ. ಇನ್ನೊಂದರಲ್ಲಿ ವಾಹನದ ಚಾಸಿ ಸಂಖ್ಯೆ, ಕೀಲಿಯ ಗುರುತು, ದೋಷಗಳ ದಾಖಲೆ ಉಳಿಯುತ್ತವೆ.
* ಚಾಲಕ ಭಾಗ: ಇಂಜೆಕ್ಟರ್, ಇಗ್ನಿಷನ್ ಕಾಯಿಲ್, ರಿಲೇ ಮುಂತಾದವನ್ನು ಚಾಲೂ ಮಾಡುವ ಟ್ರಾನ್ಸಿಸ್ಟರುಗಳು ಇಲ್ಲಿವೆ.

ಕ್ರ್ಯಾಂಕ್‌ಶಾಫ್ಟ್ ಯಾವ ಕೋನದಲ್ಲಿದೆ, ಒಳಬರುವ ಗಾಳಿಯೆಷ್ಟು, ಎಂಜಿನ್ನಿನ ಉಷ್ಣತೆಯೆಷ್ಟು, ಹೊಗೆಯಲ್ಲಿ ಆಮ್ಲಜನಕವೆಷ್ಟು ಎಂಬುದನ್ನು ಸಂವೇದಕಗಳು ಸತತವಾಗಿ ತಿಳಿಸುತ್ತವೆ. ಅದಕ್ಕೆ ತಕ್ಕಂತೆ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು, ಕಿಡಿ ಯಾವ ಕ್ಷಣದಲ್ಲಿ ಹತ್ತಬೇಕು ಎಂಬುದನ್ನು ಇಸಿಯು ನಿರ್ಧರಿಸುತ್ತದೆ. ಸಂವೇದಕವು ತಪ್ಪು ಹೇಳಿದರೆ ಇಸಿಯುವಿನ ತೀರ್ಮಾನವೂ ತಪ್ಪಾಗುತ್ತದೆ. ಅದು ಇಸಿಯುವಿನ ದೋಷವಲ್ಲ.

## ಕೆಡಲು ಕಾರಣಗಳು

ನೀರು. ಅನೇಕ ಕಾರುಗಳಲ್ಲಿ ಇಸಿಯು ಎಂಜಿನ್ ಕೋಣೆಯಲ್ಲಿದ್ದರೆ, ಇನ್ನು ಕೆಲವದರಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ, ಪ್ರಯಾಣಿಕರ ಕಾಲ ಬಳಿ ಇರುತ್ತದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಪ್ರದೇಶಗಳಲ್ಲಿ ಕಾರುಗಳು ಮುಳುಗಿದಂತೆ ವಾಹನವು ನೆರೆಯಲ್ಲಿ ಸಿಕ್ಕಿದಾಗ ನೀರು ಇಂಥ ಭಾಗಗಳನ್ನು ತಲುಪುತ್ತದೆ. ನೆರೆಯಿಲ್ಲದೆಯೂ ನೀರು ಒಳಸೇರಬಲ್ಲದು. ಮಲ್ಲೇಶ್ವರ, ಬಸವನಗುಡಿಗಳಂಥ ಹಳೆಯ ಬಡಾವಣೆಗಳಲ್ಲಿ ಸಾಲುಮರಗಳ ಕೆಳಗೆ ನಿಲ್ಲುವ ಕಾರುಗಳಲ್ಲಿ ಮುಂಗಾಜಿನ ಬುಡದ ನೀರುಗಂಡಿಗಳು ತರಗೆಲೆ, ಹೂಗಳಿಂದ ಕಟ್ಟಿಕೊಳ್ಳುವುದುಂಟು. ಹರಿಯಲು ದಾರಿಯಿಲ್ಲದ ಮಳೆನೀರು ಆಗ ಕಾರಿನ ಒಳಕ್ಕೆ ಇಳಿಯುತ್ತದೆ. ತೇವದಿಂದ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ವಾಹನ ಒಣಗಿ ವಾರಗಳಾದ ಮೇಲೂ ತೊಂದರೆ ಕಾಣಿಸಿಕೊಳ್ಳಬಹುದು.

ಅತಿ ವೋಲ್ಟೇಜು ಮತ್ತು ತಪ್ಪು ಜೋಡಣೆ. ಇನ್ನೊಂದು ವಾಹನದ ಬ್ಯಾಟರಿಯಿಂದ ಚಾಲೂ ಮಾಡುವಾಗ ಧನ, ಋಣ ತುದಿಗಳು ಅದಲು ಬದಲಾದರೆ, ಆಲ್ಟರ್ನೇಟರಿನ ನಿಯಂತ್ರಕ ಕೆಟ್ಟರೆ, ಬ್ಯಾಟರಿ ಸಂಪರ್ಕ ತೆಗೆಯದೆ ಕಾರಿನ ಮೈಗೆ ವೆಲ್ಡಿಂಗ್ ಮಾಡಿದರೆ ಒಳಗಿನ ಮಂಡಲಗಳು ಸುಡಬಹುದು.

ಹೊರಗಿನ ಭಾಗದ ಷಾರ್ಟ್. ಇಗ್ನಿಷನ್ ಕಾಯಿಲ್ ಅಥವಾ ಇಂಜೆಕ್ಟರ್ ಒಳಗೇ ಷಾರ್ಟ್ ಆದಾಗ ಅದನ್ನು ನಡೆಸುವ ಟ್ರಾನ್ಸಿಸ್ಟರು ಮಿತಿಮೀರಿದ ಪ್ರವಾಹದಿಂದ ಸುಡುತ್ತದೆ. ಮೂಲ ದೋಷವನ್ನು ಸರಿಪಡಿಸದೆ ಹೊಸ ಇಸಿಯು ಹಾಕಿದರೆ ಅದೂ ಸುಡುತ್ತದೆ.

ಕಾಲಸಹಜ ಸವೆತ. ಎಂಜಿನ್ನಿನ ಕಾವಿಗೂ ಕಂಪನಕ್ಕೂ ಬೆಸುಗೆಗಳು ಬಿರುಕು ಬಿಡುತ್ತವೆ, ಹಳೆಯ ಕೆಪಾಸಿಟರುಗಳು ಸೋರುತ್ತವೆ. ಇಂಥ ದೋಷವು ಎಂಜಿನ್ ಬಿಸಿಯಾದಾಗ ಮಾತ್ರ ಕಾಣಿಸಿ, ತಣಿದಾಗ ಮಾಯವಾಗುವುದುಂಟು.

ಇಲಿಗಳು. ನಿಂತೇ ಇರುವ ಕಾರುಗಳ ವೈರುಗಳನ್ನು ಇಲಿ, ಹೆಗ್ಗಣಗಳು ಕಡಿಯುತ್ತವೆ. ಇದರಿಂದ ಇಸಿಯು ಅಪರೂಪವಾಗಿ ಕೆಡುತ್ತದೆ, ಆದರೆ ಕೆಟ್ಟಂತೆ ತೋರುವುದು ಸಾಮಾನ್ಯ.

## ಲಕ್ಷಣಗಳು

ಎಂಜಿನ್ ಚಾಲೂ ಆಗದಿರುವುದು, ಓಡುತ್ತಿರುವಾಗ ಕಾರಣವಿಲ್ಲದೆ ನಿಲ್ಲುವುದು, ಒಂದೇ ಸಿಲಿಂಡರಿಗೆ ಕಿಡಿ ಅಥವಾ ಇಂಧನ ತಲುಪದಿರುವುದು, ಸ್ಕ್ಯಾನರಿಗೆ ಇಸಿಯು ಉತ್ತರಿಸದಿರುವುದು ಮುಖ್ಯ ಲಕ್ಷಣಗಳು. ಇವುಗಳಲ್ಲಿ ಯಾವುದೊಂದೂ ಇಸಿಯು ಕೆಟ್ಟಿದೆ ಎಂಬುದಕ್ಕೆ ತಾನಾಗಿ ಪುರಾವೆಯಾಗದು.

ಡ್ಯಾಶ್‌ಬೋರ್ಡಿನ ಎಂಜಿನ್ ಚಿತ್ರದ ಹಳದಿ ದೀಪವು ಒಂದು ಸುಲಭ ಸೂಚನೆ ಕೊಡುತ್ತದೆ. ಕೀಲಿ ತಿರುಗಿಸಿ, ಎಂಜಿನ್ ಇನ್ನೂ ಚಾಲೂ ಆಗದ ಸ್ಥಿತಿಯಲ್ಲಿ ಈ ದೀಪ ಬೆಳಗಬೇಕು. ಅದು ಬೆಳಗದೆ, ಸ್ಕ್ಯಾನರಿಗೂ ಉತ್ತರ ಬಾರದಿದ್ದರೆ ಇಸಿಯುವಿಗೆ ವಿದ್ಯುತ್ ತಲುಪುತ್ತಿಲ್ಲ ಅಥವಾ ಅದು ನಿಷ್ಕ್ರಿಯವಾಗಿದೆ ಎಂದು ಊಹಿಸಬಹುದು. ಇವೆರಡರಲ್ಲಿ ಮೊದಲನೆಯದೇ ಹೆಚ್ಚು ಸಂಭವನೀಯ.

## ತಪಾಸಣೆ

ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಭಾಗದಲ್ಲಿರುವ 16 ಪಿನ್ನುಗಳ ಕನೆಕ್ಟರಿಗೆ ಜೋಡಿಸಿ ದೋಷಸಂಕೇತಗಳನ್ನು ಓದುತ್ತಾರೆ. ಸಂಕೇತವು ಯಾವ ಮಂಡಲದಲ್ಲಿ ಅಳತೆ ತಪ್ಪಿದೆ ಎಂಬುದನ್ನಷ್ಟೇ ಹೇಳುತ್ತದೆ, ಯಾವ ಭಾಗ ಕೆಟ್ಟಿದೆ ಎಂಬುದನ್ನಲ್ಲ. ಆಮ್ಲಜನಕ ಸಂವೇದಕದ ಸಂಕೇತ ಬಂದರೆ ಸಂವೇದಕ, ಅದರ ವೈರು, ಸೈಲೆನ್ಸರಿನ ಸೋರಿಕೆ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಪಿ0601 (ಸ್ಮೃತಿಯ ದೋಷ), ಪಿ0606 (ಸಂಸ್ಕಾರಕದ ದೋಷ) ಮೊದಲಾದ ಕೆಲವು ಸಂಕೇತಗಳು ಮಾತ್ರ ಇಸಿಯುವಿನ ಒಳಭಾಗದ ಕಡೆಗೆ ಬೆರಳು ತೋರುತ್ತವೆ. ಯು0100 ಎಂಬುದು ಇತರ ಘಟಕಗಳಿಗೆ ಇಸಿಯುವಿನ ಸಂಪರ್ಕ ಸಿಗುತ್ತಿಲ್ಲ ಎಂದು ಸೂಚಿಸುತ್ತದೆ. ಅದಕ್ಕೆ ಸುಟ್ಟ ಫ್ಯೂಸ್ ಕೂಡ ಕಾರಣವಾಗಬಲ್ಲದು.

ನಂತರ ಮಲ್ಟಿಮೀಟರಿನಿಂದ ಈ ಕ್ರಮದಲ್ಲಿ ಪರೀಕ್ಷಿಸುವುದು ರೂಢಿ.

1. ಬ್ಯಾಟರಿ. ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಸ್ಟಾರ್ಟರ್ ತಿರುಗುವಾಗ 10 ವೋಲ್ಟಿಗಿಂತ ಬಹಳ ಕೆಳಗಿಳಿದರೆ ಇಸಿಯು ಸರಿಯಾಗಿ ಕೆಲಸ ಮಾಡದು.
2. ಫ್ಯೂಸ್ ಮತ್ತು ಮುಖ್ಯ ರಿಲೇ. ಕಣ್ಣಿಗೆ ಸರಿಯಾಗಿ ಕಂಡರೂ ಇಸಿಯುವಿನ ಕನೆಕ್ಟರಿನ ಬಳಿಯೇ ವಿದ್ಯುತ್ ತಲುಪುತ್ತಿದೆಯೇ ಎಂದು ಅಳೆಯಬೇಕು.
3. ಅರ್ತ್. ಇಸಿಯುವಿನ ಅರ್ತ್ ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವೆ, ಮಂಡಲ ಕೆಲಸ ಮಾಡುತ್ತಿರುವಾಗ, 0.1ರಿಂದ 0.2 ವೋಲ್ಟಿಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದು. ತುಕ್ಕು ಹಿಡಿದ ಒಂದು ಅರ್ತ್ ಬೋಲ್ಟು ಇಡೀ ವ್ಯವಸ್ಥೆಯನ್ನು ದಾರಿ ತಪ್ಪಿಸಬಲ್ಲದು.
4. 5 ವೋಲ್ಟ್ ಪೂರೈಕೆ. ಒಂದು ಸಂವೇದಕ ಷಾರ್ಟ್ ಆದರೆ ಅದೇ ಪೂರೈಕೆಯನ್ನು ಹಂಚಿಕೊಂಡ ಎಲ್ಲ ಸಂವೇದಕಗಳೂ ಒಟ್ಟಿಗೆ ಸತ್ತಂತೆ ತೋರುತ್ತವೆ. ಇಸಿಯು ಮೇಲೆ ತಪ್ಪಾಗಿ ಆರೋಪ ಬರುವುದು ಹೆಚ್ಚಾಗಿ ಇಲ್ಲಿ. ಸಂವೇದಕಗಳನ್ನು ಒಂದೊಂದಾಗಿ ಕಳಚುತ್ತ ಹೋದಾಗ ಯಾವುದನ್ನು ಕಳಚಿದೊಡನೆ 5 ವೋಲ್ಟ್ ಮರಳುತ್ತದೆಯೋ ಅದೇ ದೋಷಿ.
5. ಸಂವಹನ ತಂತಿಗಳು. ಘಟಕಗಳು ಪರಸ್ಪರ ಮಾತನಾಡುವ ಕ್ಯಾನ್ ಜಾಲದ ಎರಡು ತುದಿಗಳಲ್ಲಿ 120 ಓಮ್‌ನ ರೋಧಕಗಳಿರುತ್ತವೆ. ಬ್ಯಾಟರಿ ಕಳಚಿ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆದಾಗ ಹೆಚ್ಚಿನ ಕಾರುಗಳಲ್ಲಿ ಸುಮಾರು 60 ಓಮ್ ಬರಬೇಕು. 120 ಬಂದರೆ ಜಾಲವು ಎಲ್ಲೋ ತುಂಡಾಗಿರಬಹುದು.

ವಿದ್ಯುತ್ತೂ ಅರ್ತೂ ಸರಿಯಾಗಿದ್ದು, ಸಂವೇದಕಗಳಿಂದ ಬರುವ ಮಾಹಿತಿಯೂ ಸರಿಯಾಗಿದ್ದು, ಆದರೂ ಇಸಿಯು ಹೊರಡಿಸಬೇಕಾದ ಆಜ್ಞೆ ಹೊರಡದಿದ್ದರೆ ಮಾತ್ರ ಅದನ್ನು ಕೆಟ್ಟಿದೆಯೆಂದು ತೀರ್ಮಾನಿಸುತ್ತಾರೆ. ಬೇರೊಂದು ಕಾರಿನ ಇಸಿಯುವನ್ನು ತಂದು 'ಹಾಕಿ ನೋಡುವ' ಪದ್ಧತಿ ಅಪಾಯಕರ. ವೈರಿಂಗಿನಲ್ಲಿ ಷಾರ್ಟ್ ಇದ್ದರೆ ಒಳ್ಳೆಯ ಘಟಕವೂ ಹಾಳಾಗುತ್ತದೆ, ಕೆಲವು ಮಾದರಿಗಳಲ್ಲಿ ಅದು ಆ ಕಾರಿನ ಗುರುತಿಗೆ ಬೀಗ ಬಿದ್ದಂತೆ ಅಂಟಿಕೊಳ್ಳಲೂಬಹುದು.

## ಬದಲಿ ಘಟಕದ ಆಯ್ಕೆ

ದೋಷ ಖಚಿತವಾದ ಮೇಲೆ ವಾಹನದ ಒಡೆಯನ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ.

ಹೊಸ ಘಟಕ. ತಯಾರಕರ ಅಧಿಕೃತ ಸೇವಾಕೇಂದ್ರದ ಮೂಲಕ ಬರುತ್ತದೆ. ಭರವಸೆ ಹೆಚ್ಚು, ಬೆಲೆಯೂ ಹೆಚ್ಚು. ತಯಾರಿಕೆ ನಿಂತುಹೋದ ಮಾದರಿಗಳಿಗೆ ದೊರೆಯದಿರಬಹುದು.

ದುರಸ್ತಿ. ಸುಟ್ಟ ಟ್ರಾನ್ಸಿಸ್ಟರು, ಸೋರಿದ ಕೆಪಾಸಿಟರು, ಬಿರುಕುಬಿಟ್ಟ ಬೆಸುಗೆಗಳನ್ನು ಪರಿಣತರು ಸರಿಪಡಿಸಬಲ್ಲರು. ಮೂಲ ಸ್ಮೃತಿ ಉಳಿಯುವುದರಿಂದ ಕೀಲಿ, ಚಾಸಿ ಸಂಖ್ಯೆಗಳ ತೊಡಕು ಬಾರದು. ನೀರಿನಿಂದ ಒಳಪದರಗಳೇ ಕೊರೆದುಹೋದ ಫಲಕಗಳಲ್ಲಿ ಈ ದಾರಿ ಫಲಿಸುವುದು ಕಷ್ಟ.

ಬಳಸಿದ ಘಟಕ. ಅಪಘಾತಕ್ಕೀಡಾದ ಅಥವಾ ಕಳಚಿದ ವಾಹನದಿಂದ ಬಂದುದು. ಬೆಂಗಳೂರಿನಲ್ಲಿ ವಾಹನ ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾದುದು ಪುರಭವನದಿಂದ ರವೀಂದ್ರ ಕಲಾಕ್ಷೇತ್ರವನ್ನು ಹಾದು ಮಿನರ್ವ ವೃತ್ತದತ್ತ ಸಾಗುವ ಜಯಚಾಮರಾಜೇಂದ್ರ ರಸ್ತೆ, ಅಂದರೆ ಜೆ.ಸಿ. ರಸ್ತೆ, ಮತ್ತು ಅದಕ್ಕೆ ಹೊಂದಿದ ಕಲಾಸಿಪಾಳ್ಯದ ಬೀದಿಗಳು. ಹಳೆಯ ಭಾಗಗಳಿಗೆ ಶಿವಾಜಿನಗರದ ಗುಜರಿ ಅಂಗಡಿಗಳೂ ಪ್ರಸಿದ್ಧ. ಚಾಮರಾಜಪೇಟೆ, ಬಸವನಗುಡಿಗಳ ಸಣ್ಣ ಗ್ಯಾರೇಜುಗಳಿಗೆ ಈ ಮಾರುಕಟ್ಟೆ ಕೈಗೆಟುಕುವ ದೂರದಲ್ಲಿದೆ. ಬಳಸಿದ ಇಸಿಯು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಭಾಗಸಂಖ್ಯೆಯು ಕೊನೆಯ ಅಕ್ಷರದವರೆಗೂ ಹೊಂದಬೇಕು. ಪೆಟ್ಟಿಗೆ, ಕನೆಕ್ಟರು ಒಂದೇ ತೆರನಾಗಿದ್ದರೂ ಭಾರತ್ ಸ್ಟೇಜ್ 3ರ ಮತ್ತು 4ರ ಕಾರುಗಳ, ಮ್ಯಾನುಯಲ್ ಮತ್ತು ಆಟೊಮ್ಯಾಟಿಕ್ ಗೇರಿನ ಕಾರುಗಳ ತಂತ್ರಾಂಶ ಬೇರೆಯಾಗಿರುತ್ತದೆ. ಇಸಿಯುವಿನೊಳಗೆ ಮೂಲ ವಾಹನದ ಚಾಸಿ ಸಂಖ್ಯೆ ಉಳಿದಿರಬಹುದಾದ್ದರಿಂದ, ಭಾಗವು ಎಲ್ಲಿಂದ ಬಂದಿತೆಂದು ತಿಳಿಸುವ ರಸೀದಿಯನ್ನು ಪಡೆಯುವುದು ಕೊಳ್ಳುವವನಿಗೆ ರಕ್ಷಣೆ.

## ಅಳವಡಿಸುವ ಕ್ರಮ

ಮೊದಲು ಹಳೆಯ ಘಟಕದ ಮಾಹಿತಿಯನ್ನು ಸಾಧ್ಯವಿದ್ದಷ್ಟೂ ಸ್ಕ್ಯಾನರಿನ ಮೂಲಕ ಓದಿ ಉಳಿಸಿಕೊಳ್ಳುತ್ತಾರೆ. ಕೀಲಿಯನ್ನು ಆರಿಸಿ, ಕೆಲವು ನಿಮಿಷ ಬಿಟ್ಟು, ಬ್ಯಾಟರಿಯ ಋಣ ತುದಿಯನ್ನು ಕಳಚುತ್ತಾರೆ. ಕನೆಕ್ಟರುಗಳನ್ನು ಅವುಗಳ ಅಗುಳಿ ಸರಿಸಿಯೇ ಬಿಡಿಸಬೇಕು, ವೈರು ಹಿಡಿದು ಎಳೆಯಬಾರದು. ಮೈಯಲ್ಲಿ ಸಂಚಯವಾದ ಸ್ಥಾಯೀ ವಿದ್ಯುತ್ತು ಒಳಗಿನ ಮಂಡಲಗಳನ್ನು ಹಾಳುಮಾಡಬಲ್ಲದಾದ್ದರಿಂದ ಪಿನ್ನುಗಳನ್ನು ಬೆರಳಿನಿಂದ ಮುಟ್ಟುವುದಿಲ್ಲ. ಡ್ಯಾಶ್‌ಬೋರ್ಡಿನ ಬಳಿ ಕೆಲಸ ಮಾಡುವಾಗ ಏರ್‌ಬ್ಯಾಗಿನ ಹಳದಿ ಬಣ್ಣದ ಕನೆಕ್ಟರುಗಳನ್ನು ಇಸಿಯುವಿನದೆಂದು ತಪ್ಪು ತಿಳಿಯದಂತೆ ಎಚ್ಚರ ಬೇಕು. ಹೊಸ ಘಟಕವನ್ನು ಕೂರಿಸುವ ಮುನ್ನ ವಾಹನದ ಕಡೆಯ ಪಿನ್ನುಗಳಲ್ಲಿ ಕಿಲುಬು, ಬಾಗುವಿಕೆ ಇವೆಯೇ ಎಂದು ನೋಡುತ್ತಾರೆ.

## ಹೊಂದಾಣಿಕೆ

ತಂತ್ರಾಂಶ. ಹೊಸ ಘಟಕವು ಖಾಲಿಯಾಗಿ ಬಂದಿದ್ದರೆ ವಾಹನಕ್ಕೆ ಸಂಬಂಧಿಸಿದ ತಂತ್ರಾಂಶವನ್ನು ತುಂಬಿ, ಚಾಸಿ ಸಂಖ್ಯೆಯನ್ನು ಬರೆಯಬೇಕು. ಈ ಕೆಲಸ ನಡೆಯುವಾಗ ಬ್ಯಾಟರಿ ಇಳಿದರೆ ಬರೆವಣಿಗೆ ಅರ್ಧಕ್ಕೆ ನಿಂತು ಹೊಸ ಇಸಿಯುವೇ ನಿಷ್ಕ್ರಿಯವಾಗಬಹುದು. ಆದುದರಿಂದ ವೋಲ್ಟೇಜನ್ನು ಸ್ಥಿರವಾಗಿಡುವ ಹೊರಗಿನ ಪೂರೈಕೆಯನ್ನು ಜೋಡಿಸುತ್ತಾರೆ.

ಇಮ್ಮೊಬಿಲೈಸರ್. ಇದು ಕಳವು ತಡೆಯುವ ವ್ಯವಸ್ಥೆ. ಕೀಲಿಯ ತಲೆಯೊಳಗಿನ ಪುಟ್ಟ ಚಿಪ್ ಒಂದು ಗುರುತನ್ನು ಹೇಳುತ್ತದೆ. ಇಸಿಯು ಅದನ್ನು ಒಪ್ಪಿದರೆ ಮಾತ್ರ ಎಂಜಿನ್ ಓಡುತ್ತದೆ. ಮಾರುತಿ ಕಾರುಗಳಲ್ಲಿ ಇದಕ್ಕೆ ಐಕ್ಯಾಟ್ಸ್ ಎಂಬ ಹೆಸರಿದೆ. ಗುರುತು ಹೊಂದದ ಇಸಿಯು ಹಾಕಿದಾಗ ಎಂಜಿನ್ ಚಾಲೂ ಆಗದು, ಇಲ್ಲವೇ ಒಂದೆರಡು ಕ್ಷಣ ಓಡಿ ನಿಲ್ಲುತ್ತದೆ. ಕಾರಿನ ಎಲ್ಲ ಕೀಲಿಗಳನ್ನೂ ಹೊಸ ಘಟಕಕ್ಕೆ ಒಮ್ಮೆಗೇ ಪರಿಚಯಿಸಬೇಕಾಗುವುದರಿಂದ ಮನೆಯಲ್ಲಿಟ್ಟ ಎರಡನೆಯ ಕೀಲಿಯೂ ಅಗತ್ಯ.

ಕಲಿಕೆ. ಡೀಸೆಲ್ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ಮೇಲೂ ಅದರ ಸೂಕ್ಷ್ಮ ಅಳತೆಯ ಸಂಕೇತ ಮುದ್ರಿತವಾಗಿರುವುದುಂಟು. ಅವನ್ನು ಹೊಸ ಇಸಿಯುವಿಗೆ ನಮೂದಿಸದಿದ್ದರೆ ಎಂಜಿನ್ ಒರಟಾಗಿ ಓಡಿ ಹೊಗೆ ಉಗುಳುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಥ್ರಾಟಲಿನ ಮುಚ್ಚಿದ ಸ್ಥಾನವನ್ನೂ ನಿಂತ ವೇಗವನ್ನೂ ಇಸಿಯು ಹೊಸದಾಗಿ ಕಲಿಯಬೇಕು. ಕೊನೆಗೆ ದೋಷಸಂಕೇತಗಳನ್ನು ಅಳಿಸಿ, ಎಂಜಿನ್ ಬಿಸಿಯಾಗುವವರೆಗೆ ರಸ್ತೆಯಲ್ಲಿ ಓಡಿಸಿ, ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಾರೆ.

## ಕಾನೂನು ಮತ್ತು ಪರಿಸರ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣವು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಅದೇ ಮಾದರಿಯ ಇಸಿಯುವನ್ನು ಅದೇ ತಂತ್ರಾಂಶದೊಂದಿಗೆ ಹಾಕುವುದು ದುರಸ್ತಿಯಷ್ಟೇ. ಆದರೆ ಶಕ್ತಿ ಹೆಚ್ಚಿಸುವ ಹೆಸರಿನಲ್ಲಿ ಹೊಗೆ ಶುದ್ಧೀಕರಣದ ವ್ಯವಸ್ಥೆಯನ್ನು ತಂತ್ರಾಂಶದಿಂದಲೇ ಮುಚ್ಚಿಹಾಕುವುದು ಮಾಲಿನ್ಯ ನಿಯಮಗಳಿಗೆ ವಿರುದ್ಧ. ಬದಲಾವಣೆಯ ನಂತರ ಹೊಗೆ ತಪಾಸಣೆ ಮಾಡಿಸಿದರೆ ಹೊಂದಾಣಿಕೆ ಸರಿಯಾಗಿದೆಯೇ ಎಂಬುದೂ ಒಂದಿಷ್ಟು ತಿಳಿಯುತ್ತದೆ.

ಇಸಿಯು ಫಲಕದಲ್ಲಿ ತಾಮ್ರ ಮತ್ತು ಅಲ್ಪ ಪ್ರಮಾಣದ ಅಮೂಲ್ಯ ಲೋಹಗಳಿರುತ್ತವೆ, ಹಳೆಯವುಗಳ ಬೆಸುಗೆಯಲ್ಲಿ ಸೀಸವೂ ಇರಬಹುದು. ಅದನ್ನು ಬಯಲಿನಲ್ಲಿ ಸುಟ್ಟು ಲೋಹ ತೆಗೆಯುವುದು ಆರೋಗ್ಯಕ್ಕೂ ಮಣ್ಣಿಗೂ ಹಾನಿಕರ. ಕೆಟ್ಟ ಘಟಕವನ್ನು ಕಸದೊಂದಿಗೆ ಬೆರೆಸದೆ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡುವುದು ಸೂಕ್ತ. ದುರಸ್ತಿಗೆ ಒಗ್ಗುವ ಘಟಕವಾದರೆ ಅದನ್ನು ಸರಿಪಡಿಸಿ ಮತ್ತೆ ಬಳಸುವುದರಿಂದ ಹಣವೂ ಉಳಿಯುತ್ತದೆ, ತ್ಯಾಜ್ಯವೂ ತಗ್ಗುತ್ತದೆ.